ದಣಿವಿನ ಮೂಲ, ಚೈತನ್ಯದ ದಾರಿ

ಬ್ರಿಟನ್ನಿನ ಕುಟುಂಬ ವೈದ್ಯರ ಟಿಪ್ಪಣಿಗಳಲ್ಲಿ ‘ಟ್ಯಾಟ್’ ಎಂಬ ಸಂಕ್ಷಿಪ್ತ ರೂಪವೊಂದು ಬಹುಕಾಲದಿಂದ ಬಳಕೆಯಲ್ಲಿದೆ. ‘ಟಯರ್ಡ್ ಆಲ್ ದ ಟೈಮ್’, ಅಂದರೆ ‘ಸದಾ ದಣಿವು’ ಎಂಬ ಮಾತಿನ ಮೊದಲಕ್ಷರಗಳನ್ನು ಕೂಡಿಸಿ ಮಾಡಿಕೊಂಡ ಪದವಿದು. ಕೆಮ್ಮು, ಬೆನ್ನುನೋವುಗಳಂತೆಯೇ ದಣಿವೂ ನಮ್ಮ ಚಿಕಿತ್ಸಾಲಯದ ನಿತ್ಯದ ಅತಿಥಿ. ಕರ್ನಾಟಕದಲ್ಲಿ ವೈದ್ಯಪದವಿ ಪಡೆದು, ಎರಡು ದಶಕಗಳಿಗೂ ಮಿಕ್ಕಿ ಉತ್ತರ ಇಂಗ್ಲೆಂಡಿನಲ್ಲಿ ಕುಟುಂಬ ವೈದ್ಯೆಯಾಗಿರುವ ನನಗೆ ಕನ್ನಡ ಬಂಧುಗಳಿಂದ ಪದೇ ಪದೇ ಎದುರಾಗುವ ಪ್ರಶ್ನೆಯೂ ಇದೇ. “ಡಾಕ್ಟ್ರೇ, ಯಾಕೋ ಮೈಯಲ್ಲಿ ಶಕ್ತಿಯೇ ಇಲ್ಲ. ಏನು ತಗೊಂಡ್ರೆ ಒಳ್ಳೇದು?” ಎಂದು ಯುಗಾದಿ ಸಮಾರಂಭದ ಊಟದ ಸಾಲಿನಲ್ಲಿಯೂ ಕೇಳುತ್ತಾರೆ, ರಾಜ್ಯೋತ್ಸವ ಮುಗಿದು ಕಾರು ಹತ್ತುವಾಗಲೂ ಕೇಳುತ್ತಾರೆ.

ಈ ಪ್ರಶ್ನೆಯೊಳಗೆ ಒಂದು ಊಹೆ ಅಡಗಿದೆ. ಶಕ್ತಿಯೆಂಬುದು ಹೊರಗಿನಿಂದ ತಂದು ತುಂಬಬಹುದಾದ ಪದಾರ್ಥ, ಅದಕ್ಕೆ ತಕ್ಕ ಮಾತ್ರೆಯನ್ನೋ ಲೇಹ್ಯವನ್ನೋ ಹುಡುಕಿಕೊಂಡರೆ ಸಾಕು ಎಂಬ ಊಹೆ. ವಸ್ತುಸ್ಥಿತಿ ಬೇರೆಯೇ ಇದೆ. ಶಕ್ತಿಯನ್ನು ದೇಹವೇ ಉತ್ಪಾದಿಸಿಕೊಳ್ಳುತ್ತದೆ. ಅದು ಕುಗ್ಗಿದೆಯೆಂದರೆ ಎಲ್ಲೋ ಒಂದು ಸಾಮಗ್ರಿ ಕೊರತೆಯಾಗಿದೆ, ವಿಶ್ರಾಂತಿ ಸಾಲದಾಗಿದೆ, ಇಲ್ಲವೇ ಒಳಗೊಂದು ರೋಗ ಬೆಳೆಯುತ್ತಿದೆ. ಆದ್ದರಿಂದ ‘ಏನು ತೆಗೆದುಕೊಳ್ಳಲಿ’ ಎನ್ನುವುದಕ್ಕೆ ಮೊದಲು ‘ಏಕೆ ಹೀಗಾಗಿದೆ’ ಎಂದು ಕೇಳಬೇಕು. ಆ ಕ್ರಮದಲ್ಲಿಯೇ ಈ ವಿಷಯವನ್ನು ಇಲ್ಲಿ ವಿವರಿಸಲು ಪ್ರಯತ್ನಿಸಿದ್ದೇನೆ.

‘ಸುಸ್ತು’ ಎಂಬ ಮಾತಿನೊಳಗೆ

ಇಂಗ್ಲಿಷಿನ ‘ಟಯರ್ಡ್’ ಎಂಬ ಒಂದು ಪದಕ್ಕೆ ಕನ್ನಡದಲ್ಲಿ ಹತ್ತಾರು ಮಾತುಗಳಿವೆ: ದಣಿವು, ಆಯಾಸ, ಬಳಲಿಕೆ, ನಿತ್ರಾಣ, ಮಂಪರು, ತೂಕಡಿಕೆ, ಜಡತೆ, ಬೇಸರ. ಆಡುಮಾತಿನಲ್ಲಿ ಇವೆಲ್ಲವನ್ನೂ ‘ಸುಸ್ತು’ ನುಂಗಿಹಾಕಿದೆ. ರೋಗನಿರ್ಣಯದ ದೃಷ್ಟಿಯಿಂದ ಈ ಪದಗಳ ನಡುವಿನ ವ್ಯತ್ಯಾಸ ಬಹು ಬೆಲೆಯುಳ್ಳದ್ದು. ಕನ್ನಡ ಬಲ್ಲ ರೋಗಿಗಳನ್ನು ನಾನು ಕನ್ನಡದಲ್ಲಿಯೇ ಕೆದಕಿ ಕೇಳುವುದು ಇದೇ ಕಾರಣಕ್ಕೆ.

ಕುಳಿತಲ್ಲೇ ತೂಕಡಿಕೆ ಬರುತ್ತದೆಯೆಂದರೆ ನಿದ್ರೆಯ ಕಡೆಗೆ ನೋಡಬೇಕು. ಮಹಡಿಯ ಮೆಟ್ಟಿಲು ಹತ್ತುವಾಗ ಏದುಸಿರು ಬರುತ್ತದೆಯೆಂದರೆ ರಕ್ತಹೀನತೆ, ಹೃದಯ ಅಥವಾ ಶ್ವಾಸಕೋಶದ ತೊಂದರೆಯನ್ನು ಶಂಕಿಸಬೇಕು. ಕುರ್ಚಿಯಿಂದ ಏಳಲು, ತಲೆಯ ಮೇಲಕ್ಕೆ ಕೈಯೆತ್ತಿ ಕೂದಲು ಬಾಚಲು ಆಗದಿದ್ದರೆ ಅದು ನಿಜವಾದ ನಿತ್ರಾಣ. ಸ್ನಾಯುಗಳನ್ನೂ ನರಗಳನ್ನೂ ಪರೀಕ್ಷಿಸಬೇಕು. ಮೈಯೆಲ್ಲ ಜಡವಾಗಿ, ಚಳಿ ತಡೆಯದೆ, ಮಲಬದ್ಧತೆಯೂ ಸೇರಿಕೊಂಡಿದ್ದರೆ ಥೈರಾಯ್ಡ್ ನೆನಪಾಗುತ್ತದೆ. ದೇಹಕ್ಕೆ ಶಕ್ತಿಯಿದ್ದರೂ ಯಾವುದರಲ್ಲೂ ಆಸಕ್ತಿಯಿಲ್ಲ, ಹಿಂದೆ ಸಂತೋಷ ಕೊಡುತ್ತಿದ್ದ ಕೆಲಸವೂ ಬೇಡವಾಗಿದೆ ಎಂದಾದರೆ ಮನಸ್ಸಿನ ಸ್ಥಿತಿಯನ್ನು ವಿಚಾರಿಸಬೇಕು. ಓದುಗರು ವೈದ್ಯರ ಬಳಿಗೆ ಹೋಗುವ ಮುನ್ನ ತಮ್ಮ ‘ಸುಸ್ತು’ ಇವುಗಳಲ್ಲಿ ಯಾವುದು, ಯಾವಾಗ ಆರಂಭವಾಯಿತು, ದಿನದ ಯಾವ ಹೊತ್ತಿನಲ್ಲಿ ಹೆಚ್ಚು ಎಂದು ಯೋಚಿಸಿ ಬರೆದಿಟ್ಟುಕೊಂಡರೆ ಹತ್ತು ನಿಮಿಷದ ಭೇಟಿ ಸಾರ್ಥಕವಾಗುತ್ತದೆ.

ದೇಹದಲ್ಲಿ ಶಕ್ತಿ ಹುಟ್ಟುವ ಬಗೆ

ನಮ್ಮ ಜೀವಕೋಶಗಳು ಬಳಸುವ ಶಕ್ತಿಯ ನಾಣ್ಯ ಎಟಿಪಿ ಎಂಬ ಅಣು. ಇದನ್ನು 1929ರಲ್ಲಿ ಜರ್ಮನಿಯ ಕಾರ್ಲ್ ಲೋಮನ್ ಕಂಡುಹಿಡಿದರು. ಯಾವುದೇ ಕ್ಷಣದಲ್ಲಿ ದೇಹದಲ್ಲಿರುವ ಎಟಿಪಿಯ ಪ್ರಮಾಣ ಕೆಲವೇ ಹತ್ತು ಗ್ರಾಂಗಳಷ್ಟು. ಆದರೆ ಅದು ಒಡೆದು ಮತ್ತೆ ಕೂಡುವ ಕ್ರಿಯೆ ಎಷ್ಟು ವೇಗವಾಗಿ ನಡೆಯುತ್ತದೆಂದರೆ, ದಿನವೊಂದಕ್ಕೆ ಲೆಕ್ಕ ಹಾಕಿದಾಗ ಅದು ನಮ್ಮ ದೇಹದ ತೂಕಕ್ಕೆ ಸರಿಸುಮಾರು ಸಮವಾಗುತ್ತದೆ. ಇದರ ಬಹುಪಾಲು ತಯಾರಾಗುವುದು ಜೀವಕೋಶಗಳೊಳಗಿನ ಮೈಟೊಕಾಂಡ್ರಿಯಗಳಲ್ಲಿ. ಈ ತಯಾರಿಕೆಯ ವಿಧಾನವನ್ನು 1961ರಲ್ಲಿ ಪ್ರತಿಪಾದಿಸಿದ ಬ್ರಿಟಿಷ್ ವಿಜ್ಞಾನಿ ಪೀಟರ್ ಮಿಚೆಲ್ ಅವರಿಗೆ 1978ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು.

ಈ ಕಾರ್ಖಾನೆಗೆ ಬೇಕಾದದ್ದು ಬರಿಯ ಅನ್ನದ ಸಕ್ಕರೆಯಷ್ಟೇ ಅಲ್ಲ. ಆಮ್ಲಜನಕವನ್ನು ಹೊತ್ತು ತರಲು ಕೆಂಪು ರಕ್ತಕಣಗಳು ಬೇಕು, ಅವುಗಳಿಗೆ ಕಬ್ಬಿಣ ಬೇಕು. ಮೈಟೊಕಾಂಡ್ರಿಯದೊಳಗಿನ ಕಿಣ್ವಗಳಿಗೂ ಕಬ್ಬಿಣ ಬೇಕು, ಬಿ ಗುಂಪಿನ ಜೀವಸತ್ವಗಳು ಬೇಕು. ಇಡೀ ಕಾರ್ಖಾನೆಯ ವೇಗವನ್ನು ನಿಯಂತ್ರಿಸಲು ಥೈರಾಯ್ಡ್ ಹಾರ್ಮೋನು ಬೇಕು. ದೇಹದ ತೂಕದಲ್ಲಿ ಶೇಕಡಾ 2ರಷ್ಟಿರುವ ಮೆದುಳು, ವಿಶ್ರಾಂತಿಯಲ್ಲಿರುವ ದೇಹದ ಶಕ್ತಿಯಲ್ಲಿ ಸುಮಾರು ಶೇಕಡಾ 20ನ್ನು ಬಳಸಿಕೊಳ್ಳುತ್ತದೆ. ಕೊರತೆಯುಂಟಾದಾಗ ಮೈ ದಣಿಯುವುದರ ಜೊತೆಗೆ ಗಮನ ಚದರುವುದು, ಮರೆವು, ಸಿಡುಕು ಕಾಣಿಸಿಕೊಳ್ಳುವುದು ಇದರಿಂದಲೇ. ಇಂತಹ ಕೊರತೆಗಳನ್ನು ಸಕ್ಕರೆಯ ಪಾನೀಯ ತುಂಬಲಾರದು.

ಕಬ್ಬಿಣ: ಎಷ್ಟು ತಿಂದೆವು, ಎಷ್ಟು ದಕ್ಕಿತು

ವಯಸ್ಕರ ದೇಹದಲ್ಲಿರುವ ಒಟ್ಟು ಕಬ್ಬಿಣ 3ರಿಂದ 4 ಗ್ರಾಂ. ಅದರಲ್ಲಿ ಮೂರನೆಯ ಎರಡು ಭಾಗದಷ್ಟು ರಕ್ತದ ಹಿಮೋಗ್ಲೋಬಿನ್ನಿನಲ್ಲಿದೆ. ಭಾರತದಲ್ಲಿ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇಕಡಾ 57ರಷ್ಟು ಮಂದಿ ರಕ್ತಹೀನತೆ ಉಳ್ಳವರು. ಸಮುದ್ರ ದಾಟಿ ಬಂದ ಮಾತ್ರಕ್ಕೆ ಈ ಕೊರತೆ ತಾನಾಗಿ ನೀಗುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯು ಗರ್ಭಿಣಿಯರಲ್ಲದ ಮಹಿಳೆಯರಲ್ಲಿ ಡೆಸಿಲೀಟರಿಗೆ 12 ಗ್ರಾಂ, ಪುರುಷರಲ್ಲಿ 13 ಗ್ರಾಂಗಿಂತ ಕಡಿಮೆ ಹಿಮೋಗ್ಲೋಬಿನ್ ಇದ್ದರೆ ರಕ್ತಹೀನತೆಯೆಂದು ಪರಿಗಣಿಸುತ್ತದೆ. ಹಿಮೋಗ್ಲೋಬಿನ್ ಕುಸಿಯುವುದಕ್ಕೆ ಬಹಳ ಮೊದಲೇ ದೇಹದ ದಾಸ್ತಾನು ಬರಿದಾಗತೊಡಗುತ್ತದೆ. ಅದನ್ನು ತಿಳಿಸುವುದು ಫೆರಿಟಿನ್ ಎಂಬ ಪರೀಕ್ಷೆ. ‘ಹಿಮೋಗ್ಲೋಬಿನ್ ಸರಿಯಾಗಿದೆಯಂತೆ, ಆದರೂ ಸುಸ್ತು’ ಎನ್ನುವ ಮಹಿಳೆಯರಲ್ಲಿ ಫೆರಿಟಿನ್ ಪಾತಾಳಕ್ಕೆ ಇಳಿದಿರುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ತಿಂಗಳ ಸ್ರಾವ ಹೆಚ್ಚಾಗಿದ್ದರೆ ಅದನ್ನು ಹೇಳಲು ಸಂಕೋಚಪಡಬಾರದು. ಅದಕ್ಕೆ ಚಿಕಿತ್ಸೆಯಿದೆ, ಸೋರುವ ಕೊಡಕ್ಕೆ ನೀರು ತುಂಬುತ್ತ ಕುಳಿತರೆ ಫಲವಿಲ್ಲ.

ಬ್ರಿಟನ್ನಿನ ಶಿಫಾರಸಿನಂತೆ ಮುಟ್ಟಾಗುವ ವಯಸ್ಸಿನ ಮಹಿಳೆಗೆ ದಿನಕ್ಕೆ 14.8 ಮಿಲಿಗ್ರಾಂ, ವಯಸ್ಕ ಪುರುಷನಿಗೆ 8.7 ಮಿಲಿಗ್ರಾಂ ಕಬ್ಬಿಣ ಬೇಕು. ಬೇಳೆಕಾಳು, ಸೊಪ್ಪು, ರಾಗಿಗಳಲ್ಲಿ ಕಬ್ಬಿಣವಿದ್ದರೂ ಅದು ಮಾಂಸದ ಕಬ್ಬಿಣದಷ್ಟು ಸುಲಭವಾಗಿ ಹೀರಲ್ಪಡುವುದಿಲ್ಲ. ಧಾನ್ಯಗಳಲ್ಲಿರುವ ಫೈಟೇಟ್ ಅದನ್ನು ಹಿಡಿದಿಡುತ್ತದೆ. ಕಾಫಿ, ಚಹಾಗಳಲ್ಲಿರುವ ಪಾಲಿಫಿನಾಲುಗಳು ಮತ್ತಷ್ಟು ತಡೆಯೊಡ್ಡುತ್ತವೆ. ಊಟ ಮುಗಿಯುತ್ತಲೇ ಚಹಾ ಹೀರುವ ಅಭ್ಯಾಸ ನಮ್ಮಲ್ಲಿಯೂ ಇದೆ, ಇಲ್ಲಿನವರಲ್ಲಿಯೂ ಇದೆ. ಊಟಕ್ಕೂ ಚಹಾಕ್ಕೂ ಕನಿಷ್ಠ ಒಂದು ಗಂಟೆಯ ಅಂತರವಿಡುವುದು ಬಿಡಿಗಾಸಿನ ಖರ್ಚಿಲ್ಲದ ಚಿಕಿತ್ಸೆ.

ನಮ್ಮ ಅಡುಗೆಮನೆಯಲ್ಲಿ ಇದಕ್ಕೆ ಪರಿಹಾರಗಳೂ ಇವೆ. ಕಾಳು ನೆನೆಸಿ ಮೊಳಕೆ ಬರಿಸಿದಾಗ, ಹಿಟ್ಟು ಹುದುಗು ಬಂದಾಗ ಫೈಟೇಟ್ ಇಳಿಯುತ್ತದೆ. ಸಿ ಜೀವಸತ್ವವು ಕಬ್ಬಿಣದ ಹೀರುವಿಕೆಯನ್ನು ಹೆಚ್ಚಿಸುತ್ತದೆ. ನೆನೆದ ಹೆಸರುಬೇಳೆಗೆ ನಿಂಬೆರಸ ಹಿಂಡಿ ಮಾಡುವ ಕೋಸಂಬರಿ ಈ ಎರಡೂ ತತ್ವಗಳನ್ನು ಪಾಲಿಸುವ ತಿನಿಸು. ಮೊಳಕೆ ಹುರುಳಿಯ ಸಾರು, ರಾಗಿಮುದ್ದೆಯೊಡನೆ ಬಸ್ಸಾರು, ಹುದುಗು ಬಂದ ದೋಸೆ, ಊಟದ ಕೊನೆಗೆ ಒಂದು ಕಿತ್ತಳೆ ಅಥವಾ ಸೀಬೆಹಣ್ಣು, ಇವೆಲ್ಲ ಅದೇ ದಾರಿಯವು. ಹುಳಿಯಿರುವ ಗೊಜ್ಜನ್ನು ಕಬ್ಬಿಣದ ಬಾಣಲೆಯಲ್ಲಿ ಮಾಡಿದರೆ ಪಾತ್ರೆಯಿಂದಲೂ ಒಂದಿಷ್ಟು ಕಬ್ಬಿಣ ಸೇರುತ್ತದೆ.

ಕೊರತೆ ಒಮ್ಮೆ ಉಂಟಾದ ಮೇಲೆ ಆಹಾರವೊಂದರಿಂದಲೇ ಅದನ್ನು ತುಂಬುವುದು ಕಷ್ಟ, ಮಾತ್ರೆ ಬೇಕಾಗುತ್ತದೆ. ದಿನಕ್ಕೊಂದು ಸಾಕು. ಹೊಟ್ಟೆಗೆ ಒಗ್ಗದವರು ವೈದ್ಯರನ್ನು ಕೇಳಿ ದಿನ ಬಿಟ್ಟು ದಿನ ತೆಗೆದುಕೊಳ್ಳಬಹುದು. ಹಿಮೋಗ್ಲೋಬಿನ್ ಸರಿಹೋದ ಮೇಲೂ ದಾಸ್ತಾನು ತುಂಬಲು ಸಾಮಾನ್ಯವಾಗಿ ಇನ್ನೂ ಮೂರು ತಿಂಗಳು ಮುಂದುವರಿಸಬೇಕು. ತುಸು ಚೇತರಿಕೆ ಕಂಡೊಡನೆ ನಿಲ್ಲಿಸುವವರೇ ಹೆಚ್ಚು.

ಇಲ್ಲೊಂದು ಎಚ್ಚರಿಕೆ ಅಗತ್ಯ. ಪುರುಷರಲ್ಲಿ ಹಾಗೂ ಮುಟ್ಟು ನಿಂತ ಮಹಿಳೆಯರಲ್ಲಿ ಕಬ್ಬಿಣದ ಕೊರತೆ ಕಂಡರೆ ಕರುಳಿನಲ್ಲಿ ಎಲ್ಲಿಯಾದರೂ ರಕ್ತ ಸೋರುತ್ತಿದೆಯೇ ಎಂದು ನೋಡಲೇಬೇಕು. “ವಯಸ್ಸಾಯ್ತಲ್ಲಮ್ಮಾ, ಇನ್ನೇನು” ಎಂದು ನಗುತ್ತಲೇ ನನ್ನೆದುರು ಕುಳಿತ ಹಿರಿಯರೊಬ್ಬರನ್ನು ಅವರ ಮಗಳು ಒತ್ತಾಯದಿಂದ ಕರೆತಂದಿದ್ದಳು. ಅವರ ದಣಿವಿನ ಹಿಂದೆ ಇದ್ದದ್ದು ದೊಡ್ಡ ಕರುಳಿನ ಗಡ್ಡೆ. ಸಕಾಲದಲ್ಲಿ ಶಸ್ತ್ರಚಿಕಿತ್ಸೆಯಾದ್ದರಿಂದ ಅವರು ಗುಣಮುಖರಾದರು. ಟಾನಿಕ್ ಕುಡಿಯುತ್ತ ಇನ್ನೊಂದು ವರ್ಷ ಕಳೆದಿದ್ದರೆ ಕಥೆ ಬೇರೆಯಾಗುತ್ತಿತ್ತು.

ಬಿ12: ಸಸ್ಯಾಹಾರಿಗಳ ಮರೆತ ಲೆಕ್ಕ

1928ರಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ ಮುಂಬಯಿಗೆ ಬಂದು, ಜವಳಿ ಗಿರಣಿಗಳ ಬಡ ಗರ್ಭಿಣಿಯರನ್ನು ಕಾಡುತ್ತಿದ್ದ ತೀವ್ರ ರಕ್ತಹೀನತೆಯನ್ನು ಅಭ್ಯಸಿಸಿದರು. ಯೀಸ್ಟಿನಿಂದ ತಯಾರಾಗುವ ಮಾರ್ಮೈಟ್ ಎಂಬ ಅಗ್ಗದ ಲೇಪವನ್ನು ಕೊಟ್ಟಾಗ ಆ ಹೆಂಗಸರು ಚೇತರಿಸಿಕೊಂಡರು. 1931ರಲ್ಲಿ ಅವರು ಪ್ರಕಟಿಸಿದ ಈ ಸಂಗತಿ ಫೋಲೇಟ್ ಎಂಬ ಜೀವಸತ್ವದ ಶೋಧಕ್ಕೆ ದಾರಿಯಾಯಿತು. ಎಲೆ ಎಂಬರ್ಥದ ಲ್ಯಾಟಿನ್ ಪದದಿಂದ ಅದಕ್ಕೆ ಆ ಹೆಸರು ಬಂದಿದೆ. ಸೊಪ್ಪು ಉಣ್ಣುವ ನಮ್ಮವರಲ್ಲಿ ಫೋಲೇಟ್ ಕೊರತೆ ಅಷ್ಟಾಗಿ ಕಾಣದು. ಅದರ ಜೊತೆಗಾರನಾದ ಬಿ12ರ ವಿಷಯ ಹಾಗಲ್ಲ.

ಬಿ12 ಸ್ವಾಭಾವಿಕವಾಗಿ ದೊರೆಯುವುದು ಮಾಂಸ, ಮೀನು, ಮೊಟ್ಟೆ, ಹಾಲು ಮತ್ತು ಹಾಲಿನ ಉತ್ಪನ್ನಗಳಲ್ಲಿ. ಸೊಪ್ಪು, ತರಕಾರಿ, ಬೇಳೆಗಳಿಂದ ಅದು ಸಿಗುವುದಿಲ್ಲ. ದಿನಕ್ಕೆ ಬೇಕಾದದ್ದು ಸುಮಾರು 1.5 ಮೈಕ್ರೊಗ್ರಾಂ ಮಾತ್ರ; ಯಕೃತ್ತಿನಲ್ಲಿ ಹಲವು ವರ್ಷಗಳಿಗಾಗುವಷ್ಟು ದಾಸ್ತಾನು ಇರುತ್ತದೆ. ಹಾಗಾಗಿ ಕೊರತೆ ಸದ್ದಿಲ್ಲದೆ ಬೆಳೆಯುತ್ತದೆ. ಊರಿನಲ್ಲಿ ದಿನಕ್ಕೆರಡು ಹೊತ್ತು ಮೊಸರು, ಮಜ್ಜಿಗೆ ಉಣ್ಣುತ್ತಿದ್ದವರು ಇಲ್ಲಿಗೆ ಬಂದು ತೂಕದ ಭಯದಿಂದಲೋ ಚಳಿಯ ಕಾರಣದಿಂದಲೋ ಅದನ್ನು ಬಿಟ್ಟಿರುತ್ತಾರೆ. ಹಸುವಿನ ಹಾಲಿನ ಬದಲು ಓಟ್ಸ್ ಅಥವಾ ಬಾದಾಮಿ ಹಾಲಿಗೆ ಹೊರಳಿದವರು ಅದರಲ್ಲಿ ಬಿ12 ಸೇರಿಸಿದ್ದಾರೆಯೇ ಎಂದು ಡಬ್ಬಿಯ ಮೇಲೆ ಓದಿ ನೋಡಬೇಕು. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್, ಹುಳಿತೇಗಿಗೆ ಒಮೆಪ್ರಜೋಲ್ ಬಗೆಯ ಮಾತ್ರೆಗಳನ್ನು ವರ್ಷಾನುಗಟ್ಟಲೆ ತೆಗೆದುಕೊಳ್ಳುವವರಲ್ಲಿಯೂ ಬಿ12 ಇಳಿಯುತ್ತದೆ.

ಇದನ್ನು ಹಗುರವಾಗಿ ಕಾಣುವಂತಿಲ್ಲ, ಏಕೆಂದರೆ ಬಿ12 ನರಗಳ ಹೊದಿಕೆಗೂ ಬೇಕು. ನನ್ನ ಬಳಿ ಬಂದ ನಲವತ್ತರ ಆಸುಪಾಸಿನ ಸಸ್ಯಾಹಾರಿ ಮಹಿಳೆಯೊಬ್ಬರು ಎರಡು ವರ್ಷ ಸುಸ್ತಿಗೆಂದು ಊರಿನಿಂದ ತರಿಸಿದ ಲೇಹ್ಯ, ಟಾನಿಕ್‌ಗಳನ್ನು ನಂಬಿದ್ದರು. ಪಾದಗಳಲ್ಲಿ ಜೋಮು ಹಿಡಿಯುವುದನ್ನು ಚಳಿಯ ಪರಿಣಾಮವೆಂದುಕೊಂಡಿದ್ದರು. ಬಿ12 ಚುಚ್ಚುಮದ್ದು ಆರಂಭಿಸಿದ ಕೆಲವೇ ವಾರಗಳಲ್ಲಿ ಅವರ ಲವಲವಿಕೆ ಮರಳಿತು. ಕಾಲ್ಬೆರಳುಗಳ ಜೋಮು ಮಾತ್ರ ಪೂರ್ತಿ ಹೋಗಲೇ ಇಲ್ಲ. ತಡವಾದಷ್ಟೂ ನರಗಳ ಹಾನಿ ಶಾಶ್ವತವಾಗುವ ಸಂಭವ ಹೆಚ್ಚು. ಫೋಲಿಕ್ ಆಮ್ಲವನ್ನಷ್ಟೇ ಹೆಚ್ಚು ಪ್ರಮಾಣದಲ್ಲಿ ನುಂಗಿದರೆ ರಕ್ತಹೀನತೆ ಮರೆಯಾಗಿ, ನರಗಳ ಹಾನಿ ಒಳಗೊಳಗೇ ಮುಂದುವರಿಯುವ ಅಪಾಯವೂ ಇದೆ.

ಬಿಸಿಲು ಕಡಿಮೆಯಾದ ನಾಡಿನಲ್ಲಿ

ಬೆಂಗಳೂರು ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಮ್ಯಾಂಚೆಸ್ಟರ್ 53 ಡಿಗ್ರಿಯಲ್ಲಿ. ಬ್ರಿಟನ್ನಿನಲ್ಲಿ ಅಕ್ಟೋಬರಿನಿಂದ ಮಾರ್ಚ್ ಆರಂಭದವರೆಗೆ ಸೂರ್ಯ ಕಂಡರೂ, ಚರ್ಮದಲ್ಲಿ ಡಿ ಜೀವಸತ್ವ ತಯಾರಾಗಲು ಬೇಕಾದ ಕಿರಣಗಳು ಸಾಕಷ್ಟು ತಲುಪುವುದಿಲ್ಲ. ನಮ್ಮಂತಹ ಕಂದುಬಣ್ಣದ ಚರ್ಮಕ್ಕೆ ಬೇಸಿಗೆಯಲ್ಲಿಯೂ ಹೆಚ್ಚು ಹೊತ್ತಿನ ಬಿಸಿಲು ಬೇಕು. ಡಿ ಕೊರತೆ ತೀವ್ರವಾದಾಗ ಮೂಳೆನೋವು, ತೊಡೆ ಮತ್ತು ಭುಜದ ಸ್ನಾಯುಗಳ ಸೋಲು ಕಾಣಿಸಿಕೊಳ್ಳುತ್ತವೆ. ಇಲ್ಲಿನ ಅಧಿಕೃತ ಸಲಹೆಯಂತೆ ಎಲ್ಲರೂ ಚಳಿಗಾಲದಲ್ಲಿ ದಿನಕ್ಕೆ 10 ಮೈಕ್ರೊಗ್ರಾಂ, ಅಂದರೆ 400 ಯೂನಿಟ್ ಡಿ ಜೀವಸತ್ವ ತೆಗೆದುಕೊಳ್ಳುವುದು ಒಳಿತು. ದಕ್ಷಿಣ ಏಷ್ಯಾ ಮೂಲದವರು ವರ್ಷವಿಡೀ ತೆಗೆದುಕೊಳ್ಳುವುದನ್ನು ಪರಿಗಣಿಸಬೇಕು. ಅಮೆರಿಕದ ಹಾಲಿಗೆ ಸಾಮಾನ್ಯವಾಗಿ ಡಿ ಸೇರಿಸಿರುತ್ತಾರೆ, ಬ್ರಿಟನ್ನಿನ ಹಸುವಿನ ಹಾಲಿಗೆ ಸಾಮಾನ್ಯವಾಗಿ ಸೇರಿಸುವುದಿಲ್ಲ. ಹಾಗೆಂದು ಹೆಚ್ಚು ನುಂಗಿದಷ್ಟೂ ಹೆಚ್ಚು ಶಕ್ತಿ ಬಂದೀತೆಂದು ತಿಳಿಯಬಾರದು. ಮಿತಿಮೀರಿದ ಡಿ ರಕ್ತದ ಕ್ಯಾಲ್ಸಿಯಂ ಏರಿಸಿ ಮೂತ್ರಪಿಂಡಗಳಿಗೆ ಹಾನಿ ಮಾಡುತ್ತದೆ.

ನಿದ್ರೆ, ಬೆಳಕು ಮತ್ತು ಕಾಫಿ

ಚರಕ ಸಂಹಿತೆಯು ದೇಹವನ್ನು ಆಧರಿಸಿ ನಿಲ್ಲಿಸುವ ಮೂರು ಊರೆಗಂಬಗಳಲ್ಲಿ ಆಹಾರದ ಬೆನ್ನಿಗೇ ನಿದ್ರೆಯನ್ನು ಹೆಸರಿಸುತ್ತದೆ. ಆಧುನಿಕ ವಿಜ್ಞಾನವೂ ಇದನ್ನು ಒಪ್ಪುತ್ತದೆ. ಎಚ್ಚರವಿರುವಷ್ಟು ಹೊತ್ತೂ ಮೆದುಳಿನಲ್ಲಿ ಅಡಿನೊಸಿನ್ ಎಂಬ ರಾಸಾಯನಿಕ ಸಂಗ್ರಹವಾಗುತ್ತ ನಿದ್ರೆಯ ಒತ್ತಡವನ್ನು ಏರಿಸುತ್ತದೆ. ನಿದ್ರೆಯಲ್ಲಿ ಅದು ತಗ್ಗುತ್ತದೆ. ಕಾಫಿಯಲ್ಲಿರುವ ಕೆಫೀನು ಅಡಿನೊಸಿನ್ ಕುಳಿತುಕೊಳ್ಳಬೇಕಾದ ಸ್ಥಾನಗಳನ್ನು ಆಕ್ರಮಿಸಿ ಅದರ ಸಂದೇಶವನ್ನು ತಡೆಯುತ್ತದೆ. ಅಂದರೆ ಕಾಫಿಯಿಂದ ದೊರೆಯುವುದು ಹೊಸ ಶಕ್ತಿಯಲ್ಲ, ದಣಿವಿನ ಸುದ್ದಿ ಮೆದುಳಿಗೆ ತಡವಾಗಿ ತಲುಪುತ್ತದೆ ಅಷ್ಟೇ. ಕೆಫೀನಿನ ಅರ್ಧದಷ್ಟು ಭಾಗ ರಕ್ತದಿಂದ ಹೋಗಲು ಸುಮಾರು ಐದು ಗಂಟೆ ಬೇಕು. ಸಂಜೆ 5ಕ್ಕೆ ಕುಡಿದ ಕಾಫಿಯ ಅರ್ಧ ಕೆಫೀನು ರಾತ್ರಿ 10ಕ್ಕೂ ಮೈಯಲ್ಲಿರುತ್ತದೆ. ಕಾಫಿಯ ನಾಡಿನವಳಾದ ನಾನು ಅದನ್ನು ಬಿಡಿರೆಂದು ಯಾರಿಗೂ ಹೇಳಲಾರೆ. ಮಧ್ಯಾಹ್ನದ ನಂತರ ಬೇಡ ಎಂದಷ್ಟೇ ಹೇಳುತ್ತೇನೆ.

ನಮ್ಮೊಳಗೆ ಹಗಲಿರುಳಿನ ಗಡಿಯಾರವೊಂದಿದೆ. ಅದರ ಅಣುಮಟ್ಟದ ರಚನೆಯನ್ನು ಬಿಡಿಸಿದ ಮೂವರು ವಿಜ್ಞಾನಿಗಳಿಗೆ 2017ರ ನೊಬೆಲ್ ಪ್ರಶಸ್ತಿ ದೊರೆಯಿತು. ಈ ಗಡಿಯಾರವನ್ನು ದಿನವೂ ಸರಿಪಡಿಸುವುದು ಬೆಳಗಿನ ಬೆಳಕು. ಉತ್ತರ ಇಂಗ್ಲೆಂಡಿನಲ್ಲಿ ಡಿಸೆಂಬರ್ ತಿಂಗಳ ಸೂರ್ಯ 8 ಗಂಟೆ ಕಳೆದ ಮೇಲೆ ಹುಟ್ಟಿ 4 ಗಂಟೆಗೆ ಮೊದಲೇ ಮುಳುಗುತ್ತಾನೆ. ಕಚೇರಿಗೆ ಹೋಗುವಾಗಲೂ ಕತ್ತಲು, ಬರುವಾಗಲೂ ಕತ್ತಲು. ಕಚೇರಿಯ ದೀಪದ ಬೆಳಕು ಕೆಲವು ನೂರು ಲಕ್ಸ್ ಮಾತ್ರ. ಮೋಡ ಕವಿದ ದಿನವೂ ಹೊರಗಿನ ಬೆಳಕು ಅದಕ್ಕಿಂತ ಹಲವು ಪಟ್ಟು ಹೆಚ್ಚು. ಆದ್ದರಿಂದ ಚಳಿಗಾಲದಲ್ಲಿ ಬೆಳಗ್ಗೆ ಅಥವಾ ಊಟದ ವಿರಾಮದಲ್ಲಿ ಅರ್ಧ ಗಂಟೆ ಹೊರಗೆ ನಡೆಯುವುದು ಮದ್ದಿನಂತೆ ಕೆಲಸ ಮಾಡುತ್ತದೆ.

ವಲಸಿಗರಿಗೆ ಇನ್ನೊಂದು ತೊಡಕಿದೆ. ನಮ್ಮ ದೇಹ ಇಲ್ಲಿ, ಮನಸ್ಸು ಮತ್ತು ಫೋನು ಅಲ್ಲಿ. ಊರಿನಲ್ಲಿ ಬೆಳಗಿನ 6 ಗಂಟೆಯಾದಾಗ ಚಳಿಗಾಲದ ಬ್ರಿಟನ್ನಿನಲ್ಲಿ ನಡುರಾತ್ರಿ 12:30. ಕುಟುಂಬದ ವಾಟ್ಸಾಪ್ ಗುಂಪುಗಳಲ್ಲಿ ಶುಭೋದಯದ ಸಂದೇಶಗಳ ಮಳೆ ಶುರುವಾಗುವುದು ಆಗಲೇ. ವಯಸ್ಸಾದ ತಂದೆತಾಯಂದಿರನ್ನು ಬಿಟ್ಟು ಬಂದವರಿಗೆ ಫೋನನ್ನು ಪೂರ್ತಿ ಆರಿಸಿ ಮಲಗಲು ಧೈರ್ಯ ಬಾರದು ಎಂಬುದು ನನಗೂ ತಿಳಿದಿದೆ. ಗುಂಪುಗಳ ಸದ್ದಡಗಿಸಿ, ಅಪ್ಪ, ಅಮ್ಮ, ಒಡಹುಟ್ಟಿದವರ ಕರೆ ಮಾತ್ರ ಕೇಳುವಂತೆ ಹೊಂದಿಸಿಕೊಂಡರೆ ಆತಂಕವೂ ಇರದು, ನಿದ್ರೆಯೂ ಕೆಡದು.

ಏಳೆಂಟು ಗಂಟೆ ಮಲಗಿಯೂ ಬೆಳಗ್ಗೆ ತಲೆಭಾರ, ಹಗಲು ತೂಕಡಿಕೆ, ರಾತ್ರಿ ಜೋರು ಗೊರಕೆ ಇದ್ದರೆ ನಿದ್ರೆಯಲ್ಲಿ ಉಸಿರು ಕಟ್ಟುವ ಕಾಯಿಲೆ ಇರಬಹುದು. ಗೊರಕೆ ಹೊಡೆಯುವವರಿಗೆ ಅದು ತಿಳಿಯದು. ಪಕ್ಕದಲ್ಲಿ ಮಲಗುವವರನ್ನು ಕೇಳಬೇಕು. ನಡುನಡುವೆ ಗೊರಕೆ ನಿಂತು, ಉಸಿರು ಕಟ್ಟಿದಂತಾಗಿ, ಒಮ್ಮೆಲೇ ಬುಸ್ಸೆಂದು ಏಳುತ್ತಾರೆಂದರೆ ಪರೀಕ್ಷೆ ಆಗಲೇಬೇಕು. ಹೆದ್ದಾರಿಯಲ್ಲಿ ಕಾರು ಓಡಿಸುವವರಿಗೆ ಇದು ಪ್ರಾಣದ ಪ್ರಶ್ನೆ. 1981ರಲ್ಲಿ ಆಸ್ಟ್ರೇಲಿಯದ ಕಾಲಿನ್ ಸಲಿವನ್ ವಿವರಿಸಿದ, ಮೂಗಿನ ಮೂಲಕ ಗಾಳಿಯ ಒತ್ತಡ ಕೊಡುವ ಯಂತ್ರ ಇಂದಿಗೂ ಇದಕ್ಕೆ ಉತ್ತಮ ಚಿಕಿತ್ಸೆ.

ತಟ್ಟೆಯಲ್ಲಿ ಏನಿದೆ

ಬೆಳಗ್ಗೆ ಉಪ್ಪಿಟ್ಟು ಇಲ್ಲವೇ ಬ್ರೆಡ್ಡು, ಮಧ್ಯಾಹ್ನ ಚಿತ್ರಾನ್ನ, ಸಂಜೆ ಬಿಸ್ಕತ್ತು, ರಾತ್ರಿ 9ರ ಮೇಲೆ ಅನ್ನ ಸಾರು. ನಮ್ಮ ಅನೇಕ ಮನೆಗಳ ದಿನಚರಿ ಹೀಗಿದೆ. ಪಿಷ್ಟವೇ ಪ್ರಧಾನವಾದ ಇಂತಹ ಊಟದಿಂದ ರಕ್ತದ ಸಕ್ಕರೆ ಬೇಗನೆ ಏರುತ್ತದೆ. ಮಧ್ಯಾಹ್ನದ ತೂಕಡಿಕೆ ದೇಹದ ಗಡಿಯಾರದಿಂದಲೂ ಬರುತ್ತದಾದರೂ ಭಾರಿ ಊಟ ಅದನ್ನು ಹೆಚ್ಚಿಸುತ್ತದೆ. ತಿಂಡಿಯನ್ನು ಬಿಡಬೇಕಿಲ್ಲ, ಅದರೊಡನೆ ಪ್ರೋಟೀನು ಸೇರಿಸಿದರೆ ಸಾಕು: ಉಪ್ಪಿಟ್ಟಿಗೆ ಬಟಾಣಿ ಮತ್ತು ಒಂದು ಬಟ್ಟಲು ಮೊಸರು, ದೋಸೆಗೆ ಹೆಸರುಕಾಳು, ತಿನ್ನುವವರಿಗೆ ಮೊಟ್ಟೆ. ವಯಸ್ಕರಿಗೆ ತೂಕದ ಪ್ರತಿ ಕಿಲೊಗೆ ದಿನಕ್ಕೆ ಕನಿಷ್ಠ 0.75 ಗ್ರಾಂ ಪ್ರೋಟೀನು ಬೇಕೆಂಬುದು ಬ್ರಿಟನ್ನಿನ ಶಿಫಾರಸು. ವಯಸ್ಸಾದವರಿಗೆ ಇನ್ನೂ ತುಸು ಹೆಚ್ಚು ಇದ್ದರೆ ಒಳಿತು. ತಟ್ಟೆಯ ಅರ್ಧ ಪಲ್ಯ, ಸೊಪ್ಪು. ಕಾಲು ಭಾಗ ಬೇಳೆಕಾಳು, ಮೀನು ಅಥವಾ ಮಾಂಸ. ಉಳಿದ ಕಾಲು ಅನ್ನ, ಮುದ್ದೆ ಅಥವಾ ಚಪಾತಿ ಎಂಬ ಲೆಕ್ಕ ನೆನಪಿಡಲು ಸುಲಭ.

ನಡಿಗೆ, ಸ್ನಾಯು, ಮಿತಿ

1953ರಲ್ಲಿ ಜೆರೆಮಿ ಮಾರಿಸ್ ಎಂಬ ವೈದ್ಯರು ಲಂಡನ್ನಿನ ಎರಡಂತಸ್ತಿನ ಬಸ್ಸುಗಳ ನೌಕರರನ್ನು ಅಧ್ಯಯನ ಮಾಡಿ ಪ್ರಕಟಿಸಿದ ವರದಿ ವೈದ್ಯಲೋಕದಲ್ಲಿ ಪ್ರಸಿದ್ಧ. ಇಡೀ ದಿನ ಕುಳಿತಿರುವ ಚಾಲಕರಿಗಿಂತ, ಮೆಟ್ಟಿಲು ಹತ್ತಿಳಿಯುವ ನಿರ್ವಾಹಕರಲ್ಲಿ ಹೃದ್ರೋಗ ಕಡಿಮೆಯಿತ್ತು. 1967ರಲ್ಲಿ ಅಮೆರಿಕದ ಜಾನ್ ಹೊಲೊಸ್ಜಿ ಅವರು ಓಡುವ ತರಬೇತಿ ಪಡೆದ ಇಲಿಗಳ ಸ್ನಾಯುಗಳಲ್ಲಿ ಮೈಟೊಕಾಂಡ್ರಿಯದ ಸಾಮರ್ಥ್ಯ ಸುಮಾರು ಎರಡರಷ್ಟಾಗುವುದನ್ನು ತೋರಿಸಿದರು. ದಣಿಯುತ್ತೇನೆಂದು ಕುಳಿತರೆ ಶಕ್ತಿಯ ಕಾರ್ಖಾನೆಗಳು ಕುಗ್ಗುತ್ತವೆ. ಕ್ರಮವಾಗಿ ದುಡಿದರೆ ಅವು ಬೆಳೆಯುತ್ತವೆ.

ವಾರಕ್ಕೆ 150 ನಿಮಿಷಗಳ ಚುರುಕು ನಡಿಗೆಯಂತಹ ಚಟುವಟಿಕೆ, ಅದರ ಜೊತೆಗೆ ಎರಡು ದಿನ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮ, ಇದು ಇಲ್ಲಿನ ಸಲಹೆ. ಎರಡನೆಯದನ್ನು ನಮ್ಮವರು ಮರೆಯುತ್ತಾರೆ. ಕುರ್ಚಿಯಿಂದ ಕೈಯೂರದೆ ಹತ್ತು ಸಲ ಎದ್ದು ಕೂರುವುದು ಒಳ್ಳೆಯ ಆರಂಭ. ಊಟದ ನಂತರ ಹತ್ತು ಹದಿನೈದು ನಿಮಿಷ ನಡೆದರೆ, ದುಡಿಯುವ ಸ್ನಾಯುಗಳು ರಕ್ತದ ಸಕ್ಕರೆಯನ್ನು ಇನ್ಸುಲಿನ್ನಿನ ನೆರವಿಲ್ಲದೆಯೂ ಎಳೆದುಕೊಳ್ಳುತ್ತವೆ. ತನ್ನ ಬಲದ ಅರ್ಧದಷ್ಟೇ ವ್ಯಾಯಾಮ ಮಾಡಬೇಕೆಂದು ವಾಗ್ಭಟನು ಅಷ್ಟಾಂಗಹೃದಯದಲ್ಲಿ ಹೇಳಿದ್ದಾನೆ. ಹೊಸದಾಗಿ ಆರಂಭಿಸುವವರಿಗೆ ಇಂದಿಗೂ ಇದು ಒಳ್ಳೆಯ ಅಳತೆ.

ಇದಕ್ಕೊಂದು ಮುಖ್ಯ ಅಪವಾದವಿದೆ. ಸ್ವಲ್ಪ ಶ್ರಮಪಟ್ಟರೂ ಮರುದಿನ ಹಾಸಿಗೆ ಹಿಡಿಯುವಂತಾಗುವ ದೀರ್ಘಕಾಲಿಕ ಬಳಲಿಕೆಯ ಕಾಯಿಲೆ ಉಳ್ಳವರಿಗೆ, ವ್ಯಾಯಾಮವನ್ನು ಹಂತಹಂತವಾಗಿ ಏರಿಸುತ್ತ ಹೋಗುವ ಚಿಕಿತ್ಸೆ ಸಲ್ಲದೆಂದು ಬ್ರಿಟನ್ನಿನ 2021ರ ಮಾರ್ಗಸೂಚಿ ಹೇಳುತ್ತದೆ. ಕೋವಿಡ್ ನಂತರ ಇಂತಹ ಲಕ್ಷಣ ಉಳಿದವರನ್ನು ‘ಎದ್ದು ಓಡಾಡು, ಸರಿಹೋಗುತ್ತದೆ’ ಎಂದು ಗದರುವುದು ತರವಲ್ಲ.

ಟಾನಿಕ್, ಲೇಹ್ಯ, ಪಾನೀಯ

ನಮ್ಮ ಹುಡುಗರ ಕೈಯಲ್ಲಿ ಕಾಣುವ ‘ಎನರ್ಜಿ’ ಪಾನೀಯದ 250 ಮಿಲಿಲೀಟರಿನ ಸಾಮಾನ್ಯ ಡಬ್ಬಿಯೊಂದರಲ್ಲಿ ಸುಮಾರು 80 ಮಿಲಿಗ್ರಾಂ ಕೆಫೀನೂ ಆರು ಚಮಚೆಗೆ ಸಮೀಪದ ಸಕ್ಕರೆಯೂ ಇರುತ್ತವೆ. ಅದರಲ್ಲಿ ಬೇರೆ ಚೈತನ್ಯವೇನೂ ಇಲ್ಲ.

‘ನ್ಯಾಚುರಲ್’ ಎಂದ ಮಾತ್ರಕ್ಕೆ ನಿರಪಾಯವೆಂದಲ್ಲ. ಅಶ್ವಗಂಧ ಇಂದು ಇಲ್ಲಿನ ಅಂಗಡಿಗಳಲ್ಲಿಯೂ ಸುಲಭವಾಗಿ ದೊರೆಯುತ್ತದೆ. ಅದರಿಂದ ಯಕೃತ್ತಿಗೆ ಹಾನಿಯಾದ ಪ್ರಕರಣಗಳು ವರದಿಯಾಗಿವೆ. ಥೈರಾಯ್ಡ್ ಹಾರ್ಮೋನಿನ ಮಟ್ಟವನ್ನೂ ಅದು ಏರುಪೇರು ಮಾಡಬಲ್ಲದು. ಗರ್ಭಿಣಿಯರು ಅದನ್ನು ಸೇವಿಸಬಾರದು. ಅಮೆರಿಕದ ಬಾಸ್ಟನ್ ಪ್ರದೇಶದ ಅಂಗಡಿಗಳಲ್ಲಿ ಕೊಂಡ 70 ಆಯುರ್ವೇದ ತಯಾರಿಕೆಗಳನ್ನು ಪರೀಕ್ಷಿಸಿ 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಕಂಡುಬಂದಿತ್ತು. ಸೀಸವು ತಾನೇ ರಕ್ತಹೀನತೆಯನ್ನೂ ದಣಿವನ್ನೂ ತರುವ ವಿಷ. ಪರಂಪರೆಯ ಮೇಲಿನ ಗೌರವದಿಂದ ಹೇಳುವುದಾದರೆ, ದಿನಚರಿ, ಮಿತಾಹಾರ, ನಿದ್ರೆಗಳ ಬಗ್ಗೆ ನಮ್ಮ ಹಿರಿಯರು ಹೇಳಿದ್ದನ್ನು ಪಾಲಿಸಲು ಯಾವ ಡಬ್ಬಿಯನ್ನೂ ಕೊಳ್ಳಬೇಕಿಲ್ಲ. ಏನನ್ನಾದರೂ ಸೇವಿಸುತ್ತಿದ್ದರೆ ಅದನ್ನು ವೈದ್ಯರಿಗೆ ಮುಚ್ಚಿಡಬೇಡಿ. ಥೈರಾಯ್ಡ್ ಮಾತ್ರೆ ನುಂಗುವವರು ಕಬ್ಬಿಣ ಅಥವಾ ಕ್ಯಾಲ್ಸಿಯಂ ಮಾತ್ರೆಗೂ ಅದಕ್ಕೂ ನಾಲ್ಕು ಗಂಟೆಯ ಅಂತರವಿಡಬೇಕೆಂಬ ಸಣ್ಣ ಸಂಗತಿಯಿಂದಲೇ ಎಷ್ಟೋ ಜನರ ಜಡತೆ ಕಳೆದಿದೆ.

ಮನಸ್ಸಿನ ಭಾರ

ಖಿನ್ನತೆಯನ್ನು ಖಿನ್ನತೆಯೆಂದು ಹೆಸರಿಸಿ ಬರುವ ಕನ್ನಡಿಗರು ಕಡಿಮೆ. ಅವರ ಮಾತಿನಲ್ಲಿ ಅದು ‘ಸುಸ್ತು’, ‘ಮೈಕೈ ನೋವು’, ‘ನಿದ್ದೆ ಇಲ್ಲ’ ಎಂದಾಗುತ್ತದೆ. ಮಕ್ಕಳಿಗಾಗಿ ಕೆಲಸ ಬಿಟ್ಟು ಬಂದ ತಾಯಿ, ಮಗನ ಮನೆಗೆ ಬಂದು ಮಾತನಾಡುವವರಿಲ್ಲದೆ ಕಿಟಕಿ ನೋಡುತ್ತ ಕೂರುವ ಅಜ್ಜಿ, ವೀಸಾ ಮತ್ತು ಉದ್ಯೋಗದ ಚಿಂತೆಯಲ್ಲಿರುವ ಯುವಕ, ಇವರ ರಕ್ತಪರೀಕ್ಷೆಗಳೆಲ್ಲ ಸರಿಯಾಗಿರಬಹುದು. ಅದರಿಂದ ಅವರ ದಣಿವು ಸುಳ್ಳಾಗುವುದಿಲ್ಲ. ಎರಡು ವಾರಗಳಿಗೂ ಹೆಚ್ಚು ಕಾಲ ಮನಸ್ಸು ಕುಗ್ಗಿದ್ದು ಯಾವುದರಲ್ಲೂ ಆಸೆಯಿಲ್ಲದಿದ್ದರೆ ನೆರವು ಕೇಳಬೇಕು. ಬದುಕೇ ಬೇಡವೆನಿಸಿದರೆ ಅಂದೇ ಕೇಳಬೇಕು. ಕನ್ನಡ ಸಂಘಗಳಲ್ಲಿ ನಡೆಯುವ ಹಾಡು, ನಾಟಕ, ಹರಟೆಗಳಿಗೆ ವೈದ್ಯಕೀಯ ಬೆಲೆಯೂ ಇದೆಯೆಂದು ನಾನು ನಂಬಿದ್ದೇನೆ.

ವೈದ್ಯರನ್ನು ಕಾಣಬೇಕಾದ ಹೊತ್ತು

ಪ್ರಯತ್ನವಿಲ್ಲದೆ ತೂಕ ಇಳಿಯುವುದು, ರಾತ್ರಿ ಬೆವರಿನಿಂದ ಬಟ್ಟೆ ಒದ್ದೆಯಾಗುವುದು, ಮಲದಲ್ಲಿ ರಕ್ತ, ಅತಿ ಬಾಯಾರಿಕೆ ಮತ್ತು ಪದೇ ಪದೇ ಮೂತ್ರ, ಹೊಸದಾಗಿ ಕಂಡ ಗಂಟು, ಕೈಕಾಲು ಜೋಮು ಇವು ದಣಿವಿನ ಜೊತೆಗಿದ್ದರೆ ತಡಮಾಡದೆ ವೈದ್ಯರನ್ನು ಕಾಣಿ. ಎದೆನೋವು, ಕುಳಿತಲ್ಲೇ ಏದುಸಿರು ಇದ್ದರೆ ತುರ್ತು ಸೇವೆಗೆ ಕರೆ ಮಾಡಿ. ಇವಾವುವೂ ಇಲ್ಲದಿದ್ದರೂ ಒಂದು ತಿಂಗಳಿಗೂ ಮಿಕ್ಕಿ ದಣಿವು ಉಳಿದರೆ ಸಾಮಾನ್ಯ ಪರೀಕ್ಷೆಗಳು ಉಚಿತ: ರಕ್ತಕಣಗಳ ಎಣಿಕೆ, ಫೆರಿಟಿನ್, ಬಿ12 ಮತ್ತು ಫೋಲೇಟ್, ಥೈರಾಯ್ಡ್, ಸಕ್ಕರೆಯ ಸರಾಸರಿ ಮಟ್ಟ ಹೇಳುವ ಎಚ್‌ಬಿಎ1ಸಿ, ಮೂತ್ರಪಿಂಡ ಮತ್ತು ಯಕೃತ್ತಿನ ಪರೀಕ್ಷೆ, ಗೋಧಿ ಒಗ್ಗದ ಸೀಲಿಯಾಕ್ ಕಾಯಿಲೆಯ ಪರೀಕ್ಷೆ. ದಕ್ಷಿಣ ಏಷ್ಯಾದವರಿಗೆ ಸಕ್ಕರೆ ಕಾಯಿಲೆ ಕಡಿಮೆ ತೂಕದಲ್ಲಿಯೇ ಬರುತ್ತದೆ. ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ 23 ದಾಟಿದರೇ ನಮಗೆ ಎಚ್ಚರಿಕೆ. ಇತರರಿಗೆ ಆ ಗೆರೆ 25.

ಈ ಎಲ್ಲವನ್ನೂ ಒಂದೇ ದಿನ ಆರಂಭಿಸುವುದು ಸಾಧ್ಯವಿಲ್ಲ, ಅಗತ್ಯವೂ ಇಲ್ಲ. ನನ್ನ ರೋಗಿಗಳಿಗೆ ನಾನು ಸೂಚಿಸುವ ಕ್ರಮ ಹೀಗಿದೆ. ಮೊದಲ ವಾರ ನಿದ್ರೆಯ ಹೊತ್ತನ್ನು ನಿಗದಿಪಡಿಸಿ, ಮಧ್ಯಾಹ್ನದ ನಂತರದ ಕಾಫಿ, ಚಹಾ ಬಿಡಿ. ಎರಡನೆಯ ವಾರ ಹಗಲು ಬೆಳಕಿನಲ್ಲಿ ಅರ್ಧ ಗಂಟೆಯ ನಡಿಗೆ ಸೇರಿಸಿ. ಮೂರನೆಯ ವಾರ ಬೆಳಗಿನ ತಿಂಡಿಗೆ ಪ್ರೋಟೀನು, ಊಟಕ್ಕೆ ನಿಂಬೆ ಹಿಂಡಿದ ಕೋಸಂಬರಿ ಬರಲಿ. ನಾಲ್ಕನೆಯ ವಾರದ ಕೊನೆಗೂ ಬದಲಾವಣೆ ಕಾಣದಿದ್ದರೆ ರಕ್ತಪರೀಕ್ಷೆಗೆ ಸಮಯ ಗೊತ್ತುಮಾಡಿ. ಸಸ್ಯಾಹಾರಿಗಳು, ಹೆಚ್ಚು ಸ್ರಾವವಿರುವ ಮಹಿಳೆಯರು, ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರು ಮತ್ತು ಐವತ್ತು ದಾಟಿದವರು ನಾಲ್ಕು ವಾರ ಕಾಯದೆ ಪರೀಕ್ಷೆಯಿಂದಲೇ ಆರಂಭಿಸುವುದು ಲೇಸು. ಮುಂದಿನ ಬಾರಿ ಊರಿಗೆ ಫೋನು ಮಾಡಿದಾಗ ಅಲ್ಲಿನ ಹಿರಿಯರನ್ನೂ ಇದೇ ಪ್ರಶ್ನೆಗಳನ್ನು ಕೇಳಿ ನೋಡಿ. ‘ವಯಸ್ಸಾಯಿತು’ ಎಂಬ ಉತ್ತರ ಬಂದರೆ, ಒಮ್ಮೆ ರಕ್ತಪರೀಕ್ಷೆ ಮಾಡಿಸಿಕೊಳ್ಳುವಂತೆ ಒತ್ತಾಯಿಸಿ.

ಈ ಲೇಖನ ಸಾಮಾನ್ಯ ತಿಳಿವಳಿಕೆಗಾಗಿ ಬರೆದದ್ದು. ನಿಮ್ಮ ದೇಹಸ್ಥಿತಿಗೆ ತಕ್ಕ ಸಲಹೆಯನ್ನು ನಿಮ್ಮ ವೈದ್ಯರಿಂದಲೇ ಪಡೆಯಿರಿ. ಈಗ ತೆಗೆದುಕೊಳ್ಳುತ್ತಿರುವ ಔಷಧಿಯನ್ನು ಅವರನ್ನು ಕೇಳದೆ ನಿಲ್ಲಿಸಬೇಡಿ.